ಯಾರಿಗೆ ಎಷ್ಟು ಹಾಯಿ?

ಏತಪಾತದ ಹಲಗೆಯ ಒಂದು ತುದಿಯಲ್ಲಿ ನಿಮ್ಮ ತಮ್ಮ ಕುಳಿತಿದ್ದಾನೆ. ಇನ್ನೊಂದು ಕಡೆ ನೀವು. ನೀವು ಅವನಿಗಿಂತ ಭಾರ. ಹಲಗೆ ಸಮವಾಗಿ ನಿಲ್ಲಬೇಕಾದರೆ ನೀವು ನಡುವಿನ ಆಧಾರದ ಕಡೆಗೆ ಸ್ವಲ್ಪ ಸರಿದು ಕೂರುತ್ತೀರಿ, ಅಲ್ಲವೇ? ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ತೂಕ ಎಷ್ಟು ಮುಖ್ಯವೋ ಆಧಾರದಿಂದ ಅದು ಇರುವ ದೂರವೂ ಅಷ್ಟೇ ಮುಖ್ಯ. ಸನ್ನೆಯ ಈ ನಿಯಮವನ್ನು ನೀರಿನ ಮೇಲೆ, ಗಾಳಿಯ ಎದುರಿಗೆ ಬಳಸುವ ಒಂದು ಆಟವಿದೆ. ಅದೇ ಒಬ್ಬರೇ ನಡೆಸುವ ಹಾಯಿದೋಣಿಯ ಪಂದ್ಯ.

ಇಂಥ ಪುಟ್ಟ ದೋಣಿಗೆ ಡಿಂಗಿ ಎನ್ನುತ್ತಾರೆ. ಇದಕ್ಕೆ ಎಂಜಿನ್ ಇಲ್ಲ, ಹುಟ್ಟು ಹಾಕುವಂತೆಯೂ ಇಲ್ಲ. ಒಂದು ಕಂಬ, ಒಂದು ಹಾಯಿ, ಒಂದು ಚುಕ್ಕಾಣಿ, ಅಡಿಯಲ್ಲಿ ನೀರಿಗೆ ಇಳಿಬಿಟ್ಟ ಒಂದು ಹಲಗೆ, ಅಷ್ಟೆ. ಪ್ರಪಂಚದಲ್ಲಿ ತುಂಬ ಹೆಸರಾದ ಡಿಂಗಿಯ ನಕ್ಷೆಯನ್ನು ಕೆನಡಾದ ಬ್ರೂಸ್ ಕರ್ಬಿ 1969ರಲ್ಲಿ ಬರೆದರು. ಬಹುಕಾಲ ಅದರ ಹೆಸರು ಲೇಸರ್ ಎಂದಿತ್ತು. 2019ರಿಂದ ಐಎಲ್‌ಸಿಎ ಎಂದಾಗಿದೆ. ಉದ್ದ ಸುಮಾರು 4.2 ಮೀಟರ್. ದೋಣಿಯ ಒಡಲಿನ ತೂಕ ಸುಮಾರು 60 ಕಿಲೋಗ್ರಾಂ. 1996ರಿಂದ ಇದು ಒಲಿಂಪಿಕ್ಸ್‌ನಲ್ಲಿದೆ.

ಗಾಳಿ ಪಕ್ಕದಿಂದ ಬೀಸಿದಾಗ ಏನಾಗುತ್ತದೆ ನೋಡೋಣ. ಹಾಯಿಯನ್ನು ಗಾಳಿ ತಳ್ಳುತ್ತದೆ. ಅಡಿಯ ಹಲಗೆ ನೀರನ್ನು ಕಚ್ಚಿ ಹಿಡಿದಿರುವುದರಿಂದ ದೋಣಿ ಪಕ್ಕಕ್ಕೆ ಸುಲಭವಾಗಿ ಜಾರಲಾರದು. ಮೇಲೆ ತಳ್ಳುವ ಗಾಳಿ, ಕೆಳಗೆ ತಡೆಯುವ ನೀರು. ಇವೆರಡರ ನಡುವೆ ಸಿಕ್ಕಿದ ದೋಣಿ ಮಗುಚಲು ನೋಡುತ್ತದೆ. ಅದನ್ನು ತಡೆಯುವುದು ನಾವಿಕನ ಮೈತೂಕ ಮಾತ್ರ. ಆತ ಗಾಳಿ ಬರುವ ಕಡೆಯ ಅಂಚಿನಲ್ಲಿ ಕುಳಿತು, ದೋಣಿಯೊಳಗಿನ ಪಟ್ಟಿಗೆ ಪಾದ ಸಿಕ್ಕಿಸಿ, ಬೆನ್ನನ್ನು ನೀರಿನ ಮೇಲೆ ಚಾಚುತ್ತಾನೆ. ನೋಡುವವರಿಗೆ ಆರಾಮವಾಗಿ ಒರಗಿದಂತೆ ಕಾಣುತ್ತದೆ. ತೊಡೆಗಳಿಗೆ ಮಾತ್ರ ಅದು ಕಠಿಣ ಶಿಕ್ಷೆ!

ಈಗ ಸ್ವಲ್ಪ ಲೆಕ್ಕ. ಸೆಕೆಂಡಿಗೆ 5 ಮೀಟರ್ ವೇಗದ ಗಾಳಿ ನೇರವಾಗಿ ಬಡಿದರೆ ಒಂದು ಚದರ ಮೀಟರ್ ಬಟ್ಟೆಯ ಮೇಲೆ ಸುಮಾರು ಒಂದೂವರೆ ಕಿಲೋಗ್ರಾಂ ತೂಕದಷ್ಟು ಬಲ ಬೀಳುತ್ತದೆ. ಗಾಳಿಯ ವೇಗ 10 ಮೀಟರ್ ಆದರೆ? ಮೂರು ಕಿಲೋಗ್ರಾಂ ಎಂದಿರಾ? ಅಲ್ಲ, ಆರು. ವೇಗ ಎರಡು ಪಟ್ಟಾದರೆ ಬಲ ನಾಲ್ಕು ಪಟ್ಟಾಗುತ್ತದೆ. ಬಿರುಗಾಳಿಗೆ ಹೆಂಚು ಹಾರುವುದೂ ತೆಂಗಿನ ಮರ ಮುರಿಯುವುದೂ ಇದೇ ಕಾರಣಕ್ಕೆ.

ದೊಡ್ಡ ಹಾಯಿಯ ವಿಸ್ತೀರ್ಣ 7.06 ಚದರ ಮೀಟರ್. ಸೆಕೆಂಡಿಗೆ 10 ಮೀಟರ್ ಗಾಳಿಯಲ್ಲಿ ಅದರ ಮೇಲಿನ ಬಲ 7.06 × 6, ಅಂದರೆ ಸುಮಾರು 42 ಕಿಲೋಗ್ರಾಂ ತೂಕದಷ್ಟು. ಈ ಬಲವೆಲ್ಲ ಎರಡು ಮೀಟರ್ ಎತ್ತರದಲ್ಲಿ ಬೀಳುತ್ತದೆ, ನಾವಿಕನ ತೂಕ ದೋಣಿಯ ನಡುಗೆರೆಯಿಂದ ಒಂದು ಮೀಟರ್ ಹೊರಗಿದೆ ಎಂದಿಟ್ಟುಕೊಳ್ಳೋಣ. ಆಗ 42 × 2 = 84. ದೋಣಿ ಮಗುಚದಿರಲು ಸುಮಾರು 84 ಕಿಲೋಗ್ರಾಂ ತೂಕದ ವ್ಯಕ್ತಿಯೇ ಬೇಕು! ಇದು ಸ್ಥೂಲ ಲೆಕ್ಕ. ನಿಜವಾದ ದೋಣಿಯಲ್ಲಿ ಗಾಳಿ ಓರೆಯಾಗಿ ಬರುತ್ತದೆ, ದೋಣಿಯೂ ಚಲಿಸುತ್ತಿರುತ್ತದೆ. ಆದರೂ ಈ ಹಾಯಿ ಹಿಡಿದು ಗೆಲ್ಲುವವರು ಸಾಮಾನ್ಯವಾಗಿ 80ರಿಂದ 85 ಕಿಲೋಗ್ರಾಂ ತೂಗುತ್ತಾರೆ ಎಂದರೆ ನಮ್ಮ ಲೆಕ್ಕ ಅಷ್ಟೇನೂ ತಪ್ಪಿಲ್ಲ.

ಹಾಗಾದರೆ 55 ಕಿಲೋಗ್ರಾಂ ತೂಕದವರು ಏನು ಮಾಡಬೇಕು? ಹಾಯಿಯ ಹಗ್ಗವನ್ನು ಸಡಿಲ ಬಿಟ್ಟು ಗಾಳಿಯನ್ನು ಸೋರಿಸಬಹುದು. ದೋಣಿ ಮಗುಚುವುದಿಲ್ಲ, ಆದರೆ ವೇಗ ಹೋಯಿತು. ಹಿಂದೆ ಕೆಲವರು ಬೇರೆ ದಾರಿ ಹಿಡಿದಿದ್ದರು. ದಪ್ಪ ಉಣ್ಣೆಯ ಅಂಗಿಗಳನ್ನು ಒಂದರ ಮೇಲೊಂದು ತೊಟ್ಟು, ನೀರಿನಲ್ಲಿ ನೆನೆಸಿಕೊಂಡು ಭಾರ ಹೆಚ್ಚಿಸಿಕೊಳ್ಳುತ್ತಿದ್ದರು. ಬೆನ್ನುಮೂಳೆಗೆ ಇದು ಕೆಟ್ಟದ್ದು. ನೀರಿಗೆ ಬಿದ್ದರಂತೂ ಅಪಾಯ. ಈಗ ಭಾರ ಹೆಚ್ಚಿಸಲೆಂದೇ ಏನನ್ನೂ ತೊಡಬಾರದು ಎಂಬ ನಿಯಮವಿದೆ.

ಮೈಯನ್ನು ಹಾಯಿಗೆ ಹೊಂದಿಸುವ ಬದಲು ಹಾಯಿಯನ್ನೇ ಮೈಗೆ ಹೊಂದಿಸುವುದು ಜಾಣತನ. ಐಎಲ್‌ಸಿಎ ದೋಣಿಯಲ್ಲಿ ಮಾಡಿರುವುದು ಇದನ್ನೇ. ದೋಣಿ ಅದೇ, ಹಾಯಿ ಮಾತ್ರ ಮೂರು ಅಳತೆಯದು. 7.06 ಚದರ ಮೀಟರಿನದು ಐಎಲ್‌ಸಿಎ 7. 5.76 ಚದರ ಮೀಟರಿನದು ಐಎಲ್‌ಸಿಎ 6. ಇದು 65ರಿಂದ 70 ಕಿಲೋಗ್ರಾಂ ತೂಕದವರಿಗೆ ಚೆನ್ನಾಗಿ ಒಗ್ಗುತ್ತದೆ. 4.7 ಚದರ ಮೀಟರಿನದು ಐಎಲ್‌ಸಿಎ 4. ಇದು 50ರಿಂದ 60 ಕಿಲೋಗ್ರಾಂನವರಿಗೆ. (4.7ನ್ನು 5 ಎನ್ನದೆ 4 ಎಂದಿದ್ದಾರೆ. ನೀವು ಗಣಿತದ ಪರೀಕ್ಷೆಯಲ್ಲಿ ಹಾಗೆ ಬರೆಯಬೇಡಿ!)

ಕಂಬ ಎರಡು ತುಂಡುಗಳದ್ದು. ಹಾಯಿ ಬದಲಿಸುವಾಗ ಕೆಳಗಿನ ತುಂಡನ್ನು ಮಾತ್ರ ಬದಲಿಸಿದರೆ ಸಾಕು. ಬೆಳೆಯುವ ಮಕ್ಕಳು ಹೊಸ ದೋಣಿ ಕೊಳ್ಳಬೇಕಾಗಿಲ್ಲ. ಐಎಲ್‌ಸಿಎ 4ರ ತುಂಡು ಗಿಡ್ಡವಾಗಿದ್ದು ತುಸು ಹಿಂದಕ್ಕೆ ಬಾಗಿರುತ್ತದೆ. ಹಾಯಿ ಚಿಕ್ಕದಾದಾಗ ಗಾಳಿಯ ಬಲ ಬೀಳುವ ಜಾಗ ಮುಂದಕ್ಕೆ ಹೋಗಿಬಿಡುತ್ತದೆ. ಅದನ್ನು ಅಡಿಯ ಹಲಗೆಯ ನೇರಕ್ಕೆ ತರಲು ಈ ಬಾಗು.

ಮೂರು ಹಾಯಿಗಳ ವಿಸ್ತೀರ್ಣವನ್ನು ಅವುಗಳಿಗೆ ಒಗ್ಗುವ ತೂಕದಿಂದ ಭಾಗಿಸಿ ನೋಡಿ. 7.06 ÷ 82, 5.76 ÷ 68, 4.7 ÷ 55. ಮೂರರ ಉತ್ತರವೂ 0.085ರ ಆಸುಪಾಸು! ಒಂದು ಕಿಲೋಗ್ರಾಂ ಮೈತೂಕಕ್ಕೆ ಸುಮಾರು 850 ಚದರ ಸೆಂಟಿಮೀಟರ್ ಬಟ್ಟೆ. ನಿಮ್ಮ ನೋಟ್‌ಪುಸ್ತಕದ ಹಾಳೆ ಅಳೆದು, ಅಂಥವು ಎಷ್ಟಾಗುತ್ತವೆ ಎಂದು ಲೆಕ್ಕ ಹಾಕಿ.

ತೂಕ ಹೆಚ್ಚಿದ್ದಷ್ಟೂ ಒಳ್ಳೆಯದು ಎಂದುಕೊಳ್ಳಬೇಡಿ. ಮಂದಗಾಳಿಯ ದಿನ ಭಾರದವರ ದೋಣಿ ನೀರಿನಲ್ಲಿ ಹೆಚ್ಚು ಮುಳುಗಿರುತ್ತದೆ, ಹೆಚ್ಚು ನೀರನ್ನು ಸರಿಸಬೇಕಾಗುತ್ತದೆ. ಆ ದಿನ ಹಗುರಾದವರದೇ ಮೇಲುಗೈ.

ಒಲಿಂಪಿಕ್ಸ್‌ನಲ್ಲಿ ಪುರುಷರಿಗೆ ಐಎಲ್‌ಸಿಎ 7, ಮಹಿಳೆಯರಿಗೆ ಐಎಲ್‌ಸಿಎ 6. ಹಾಗೆಂದು ಇದು ಗಂಡು ಹೆಣ್ಣಿನ ಪ್ರಶ್ನೆಯಲ್ಲ, ತೂಕದ ಪ್ರಶ್ನೆ. ಹದಿಹರೆಯದ ಹುಡುಗರೂ ಐಎಲ್‌ಸಿಎ 6ರಲ್ಲಿ ಸ್ಪರ್ಧಿಸುತ್ತಾರೆ. ಚೆನ್ನೈನ ನೇತ್ರಾ ಕುಮನನ್ 2021ರಲ್ಲಿ ಟೋಕಿಯೊ ಒಲಿಂಪಿಕ್ಸ್‌ಗೆ ಅರ್ಹತೆ ಗಳಿಸಿದ ಭಾರತದ ಮೊದಲ ಮಹಿಳಾ ಹಾಯಿದೋಣಿ ಸ್ಪರ್ಧಿ. 2023ರಲ್ಲಿ ನಡೆದ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ವಿಷ್ಣು ಸರವಣನ್ ಐಎಲ್‌ಸಿಎ 7ರಲ್ಲಿ ಕಂಚು ಗೆದ್ದರು. ಅದೇ ಕೂಟದಲ್ಲಿ 17 ವರ್ಷದ ನೇಹಾ ಠಾಕೂರ್ ಐಎಲ್‌ಸಿಎ 4ರಲ್ಲಿ ಬೆಳ್ಳಿ ಗೆದ್ದಳು. ಆಕೆ ಕಡಲೇ ಇಲ್ಲದ ಮಧ್ಯಪ್ರದೇಶದ ರೈತನ ಮಗಳು, ಭೋಪಾಲದಲ್ಲಿ ಕಲಿತವಳು.

ಮಾಡಿ ನೋಡಿ

15 ಸೆಂಟಿಮೀಟರ್ ಉದ್ದ, 5 ಸೆಂಟಿಮೀಟರ್ ಅಗಲದ ಥರ್ಮೋಕೋಲ್ ತುಂಡು ತೆಗೆದುಕೊಳ್ಳಿ. ನಡುವೆ ಹಿಡಿಕಡ್ಡಿ ಚುಚ್ಚಿ. ಅಡಿಯಲ್ಲಿ ಐಸ್‌ಕ್ರೀಂ ಕಡ್ಡಿಯೊಂದನ್ನು ಉದ್ದಕ್ಕೆ ಸಿಕ್ಕಿಸಿ. ದಪ್ಪ ಕಾಗದದಿಂದ 8 ಸೆಂಟಿಮೀಟರ್ ಅಗಲದ ಮೂರು ಹಾಯಿ ಕತ್ತರಿಸಿ. ಎತ್ತರ 15, 12, 10 ಸೆಂಟಿಮೀಟರ್ ಇರಲಿ. ನಿಜವಾದ ಮೂರು ಹಾಯಿಗಳ ಪ್ರಮಾಣವೂ ಹೆಚ್ಚುಕಡಿಮೆ ಇದೇ. ದೊಡ್ಡ ಬೋಗುಣಿಯ ನೀರಿನಲ್ಲಿ ತೇಲಿಬಿಟ್ಟು, ಪಕ್ಕದಿಂದ ರಟ್ಟಿನಲ್ಲಿ ಗಾಳಿ ಬೀಸಿ. ಕೆರೆ ಹೊಂಡಗಳ ಹತ್ತಿರ ಹೋಗುವುದು ಬೇಡ. ಯಾವ ಹಾಯಿ ಮೊದಲು ಮಗುಚಿತು? ಈಗ ಗಾಳಿ ಬರುವ ಕಡೆಯ ಅಂಚಿನಲ್ಲಿ ಒಂದು ರೂಪಾಯಿ ನಾಣ್ಯ ಇಟ್ಟು ಮತ್ತೆ ಬೀಸಿ. ನಾಣ್ಯವನ್ನು ಕಂಬದ ಹತ್ತಿರಕ್ಕೆ ಸರಿಸಿದರೆ ಏನಾಗುತ್ತದೆ? ಕೊನೆಗೆ ಚಿಕ್ಕ ಹಾಯಿ ಕಟ್ಟಿ, ಮೂರು ನಾಣ್ಯ ಹೇರಿ, ಹಿಂದಿನಿಂದ ಮೆಲ್ಲಗೆ ಬೀಸಿ. ಆಚೆ ಅಂಚು ಮುಟ್ಟಲು ಎಷ್ಟು ಹೊತ್ತು ಬೇಕಾಯಿತು, ನಾಣ್ಯ ತೆಗೆದಾಗ ಎಷ್ಟು ಹೊತ್ತು? ಎಣಿಸಿ ಬರೆದಿಡಿ.