ಕೆಟ್ಟು ಕೂತರೆ ಎಷ್ಟು ಬೀಳುತ್ತೆ?

ಹಳೇ ಸಾಮಾನು ಕೊಳ್ಳದ ಮನೆಯನ್ನು ಮಂಡ್ಯ ಜಿಲ್ಲೆಯ ಬಸರಾಳಿನ ಕಡೆ ನಾನು ಕಂಡಿಲ್ಲ. ಟಿಲ್ಲರ್, ಟಿವಿಎಸ್, ಮೇವು ಕತ್ತರಿಸುವ ಮಿಷನ್, ಯಾರದೋ ಮದುವೆಗೆ ಬಂದ ಬೀರು, ಎಲ್ಲವೂ ಕೈಯಿಂದ ಕೈಗೆ ದಾಟುತ್ತವೆ. ಸಾಲ ಮಾಡಿ ಹೊಸದು ತಂದು ಬಡ್ಡಿ ಕಟ್ಟುವುದಕ್ಕಿಂತ ಇದೇ ವಾಸಿ ಎನ್ನುವವರಲ್ಲಿ ನಾನೂ ಒಬ್ಬ. ಆದರೆ ವ್ಯಾಪಾರಕ್ಕೆ ನಿಂತಾಗ ನಾವು ಕೇಳುವುದೆಲ್ಲ ‘ಎಷ್ಟಕ್ಕೆ ಕೊಡ್ತೀಯ?’ ಅಂತ. ಇದು ಕೆಟ್ಟು ಕೂತರೆ ನನಗೆಷ್ಟು ಬೀಳುತ್ತೆ ಎಂದು ಲೆಕ್ಕ ಹಾಕುವವರು ಕಮ್ಮಿ.

ನಮ್ಮ ಬೋರ್‌ವೆಲ್ಲಿಗೆ ಹಳೆಯ 5 ಎಚ್‌ಪಿ ಮೋಟಾರು ಇಳಿಸಿದ್ದೆವು. ಹೊಸದರ ಅರ್ಧ ಬೆಲೆಗೂ ಕಮ್ಮಿಗೆ ಸಿಕ್ಕಿತ್ತು. “ವೈಂಡಿಂಗ್ ಹೊಸ್ದು ಕಣಣ್ಣ, ಐದೊರ್ಸ ತಿರುಗ್ ನೋಡಂಗಿಲ್ಲ” ಅಂದಿದ್ದ ಮಾರಿದವನು. ಆ ಬೇಸಿಗೆಯಲ್ಲೇ ಸುಟ್ಟುಹೋಯಿತು. ಪೈಪು ಬಿಚ್ಚಿ ಮೇಲೆತ್ತುವ ಕೂಲಿ, ಮತ್ತೆ ವೈಂಡಿಂಗ್, ಮತ್ತೆ ಇಳಿಸುವ ಕೂಲಿ. ಅಷ್ಟರಲ್ಲಿ ಕೂಳೆ ಕಬ್ಬು ಅರ್ಧ ಒಣಗಿತ್ತು. ಮೋಟಾರು ಬಿಚ್ಚಿದವನು ತೋರಿಸಿದ: ಬುಷ್ ಸವೆದು ರೋಟರ್ ಒಳಗೋಡೆಗೆ ಉಜ್ಜುತ್ತಿತ್ತು. ವೈಂಡಿಂಗ್ ಹೊಸದೆಂದದ್ದು ಸುಳ್ಳಲ್ಲ. ಮಾರುವವರು ಪೂರ್ತಿ ಸುಳ್ಳು ಹೇಳುವುದೇ ಅಪರೂಪ!

ಈಗ ಯಾರಾದರೂ ಕೇಳಿದರೆ ಹೇಳುತ್ತೇನೆ: ದುಡ್ಡು ಕೊಡುವ ಮೊದಲು ಮೋಟಾರನ್ನು ತೊಟ್ಟಿ ನೀರಿನಲ್ಲಿ ಮುಳುಗಿಸಿ ಓಡಿಸಿ, ಕ್ಲಾಂಪ್ ಮೀಟರ್ ಹಿಡಿಸಿ. ಮೂರೂ ಫೇಸಿನ ಆಂಪಿಯರ್ ಹೆಚ್ಚುಕಮ್ಮಿ ಒಂದೇ ಇರಬೇಕು, ಪ್ಲೇಟಿನ ಮೇಲೆ ಬರೆದದ್ದನ್ನು ಮೀರಬಾರದು. ಆಳವಾದ ಬೋರ್‌ವೆಲ್ಲಿಗಾದರೆ ಹಳೆಯದರ ಆಸೆಯನ್ನೇ ಬಿಡಿ. ಕೆರೆಯಿಂದಲೋ ತೆರೆದ ಬಾವಿಯಿಂದಲೋ ನೀರೆತ್ತುವ ಮೋಟಾರಾದರೆ ಕೆಟ್ಟರೂ ಕೈಗೆ ಸಿಗುತ್ತದೆ.

ಗಾಡಿ ವಿಚಾರದಲ್ಲಿ ಎಂಜಿನ್‌ಗಿಂತ ಕಾಗದ ಹೆಚ್ಚು ಕಾಡುತ್ತದೆ. ನನ್ನ ಭಾವಮೈದ ಕೊಂಡ ಟಿವಿಎಸ್‌ನ ಸಾಲ ಯಾವತ್ತೋ ತೀರಿತ್ತು, ಆದರೆ ಆರ್‌ಸಿಯಲ್ಲಿ ಫೈನಾನ್ಸ್‌ನವರ ಹೆಸರು ಹಾಗೇ ಕೂತಿತ್ತು. ಅವರ ಎನ್‌ಒಸಿ ಮತ್ತು ಫಾರಂ 35 ಇಲ್ಲದೆ ಅದು ಹೋಗದು. ಮಾರಿದವನು ಊರು ಬಿಟ್ಟಿದ್ದ. ಇನ್ನು ಗಾಡಿಗೆ 15 ವರ್ಷ ತುಂಬಿದ್ದರೆ ಆರ್‌ಸಿ ನವೀಕರಣದ ಖರ್ಚೂ ನಿಮ್ಮದೇ. ಬೈಕಿಗೆ 300 ರೂಪಾಯಿ ಇದ್ದ ಆ ಶುಲ್ಕ 2022ರ ಏಪ್ರಿಲ್‌ನಲ್ಲಿ 1000ಕ್ಕೆ ಏರಿತು.

ಮಾರುವವರಿಗೂ ಇಲ್ಲಿ ಪಾಠವಿದೆ. ಕಾರೊಂದು ಹಲವು ಕೈ ದಾಟಿದ ಮೇಲೆ ಅಪಘಾತವಾದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿತು: ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಪರಿಹಾರದ ಹೊಣೆಯೂ ಅವರದೇ. “ಹೆಸರು ಆಮೇಲೆ ಮಾಡಿಸ್ಕೊತೀನಿ ಬುಡಣ್ಣ” ಎನ್ನುವವನಿಗೆ ಕೀ ಕೊಡಬೇಡಿ. ಫಾರಂ 29 ಮತ್ತು 30ಕ್ಕೆ ಸಹಿ ಹಾಕಿ ಮಂಡ್ಯದ ಆರ್‌ಟಿಒಗೆ ಸಲ್ಲಿಸಿ. ಕೊಂಡವರು 14 ದಿನದೊಳಗೆ ಇನ್ಶೂರೆನ್ಸ್ ಕಂಪನಿಗೂ ಬರೆದು ಪಾಲಿಸಿಯನ್ನು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು. ಇಲ್ಲದಿದ್ದರೆ ಗಾಡಿಗೆ ಆದ ನಷ್ಟಕ್ಕೆ ದುಡ್ಡು ಬರುವುದು ಕಷ್ಟ. ಟ್ರ್ಯಾಕ್ಟರ್ ಜೊತೆ ಟ್ರೇಲರ್ ತರುವವರು ಎರಡಕ್ಕೂ ಬೇರೆ ಬೇರೆ ಆರ್‌ಸಿ ಇರುವುದನ್ನು ಮರೆಯಬಾರದು.

ನೇಗಿಲು, ಕಬ್ಬಿಣದ ಮಂಚ, ಹಿತ್ತಾಳೆ ಹಂಡೆ, ಸೈಕಲ್ಲು, ಇವನ್ನು ನಾನು ಇವತ್ತಿಗೂ ಕಣ್ಣುಮುಚ್ಚಿ ಹಳೆಯದೇ ಕೊಳ್ಳುತ್ತೇನೆ. ಸವೆದದ್ದು ಮೇಲೇ ಕಾಣುತ್ತದೆ, ಕೆಟ್ಟರೆ ಊರಲ್ಲೇ ರಿಪೇರಿಯಾಗುತ್ತದೆ. ಬ್ಯಾಟರಿ, ಟೈರು ಹಾಗಲ್ಲ. ಹಳೇ ಟೈರು ತಂದು ಉಳಿಸಿದ ದುಡ್ಡಿನ ಮಾತನ್ನು ನನ್ನ ಮುಂದೆ ಆಡಬೇಡಿ.

ಗಾಡಿ ಕೊಳ್ಳುವುದಿದ್ದರೆ ಆರ್‌ಸಿಯಲ್ಲಿ ನಿಮ್ಮ ಹೆಸರು ಬರುವವರೆಗೆ ಕಾಲು ಭಾಗ ದುಡ್ಡು ನಿಮ್ಮ ಹತ್ತಿರವೇ ಇರಲಿ. ಅದಕ್ಕೆ ಒಪ್ಪದವನ ಗಾಡಿ ಎಷ್ಟೇ ಅಗ್ಗವಾಗಿದ್ದರೂ ಬಿಟ್ಟು ಬನ್ನಿ.