ಶ್ರುತಿಯೂ ಗಣಕವೂ

ಬೀದರ ಜಿಲ್ಲೆಯ ಭಾಲ್ಕಿ ತಾಲ್ಲೂಕಿನಲ್ಲಿರುವ ಖಟಕ ಚಿಂಚೋಳಿಯಂಥ ಊರುಗಳಲ್ಲಿ ಬೆಳೆದವರಿಗೆ ಭಜನೆಯ ಇಂಪು ಹೊಸದಲ್ಲ. ಏಕತಾರಿ ಹಿಡಿದ ಹಿರಿಯರು ತತ್ವಪದವನ್ನು ಎತ್ತಿಕೊಳ್ಳುವ ಮುನ್ನ ಒಂದು ಕಾರ್ಯವನ್ನು ತಪ್ಪದೆ ಮಾಡುತ್ತಾರೆ. ತಂತಿಯನ್ನು ಮೀಟುತ್ತಾರೆ, ಕಿವಿಗೊಟ್ಟು ಆಲಿಸುತ್ತಾರೆ, ಬಿರಡೆಯನ್ನು ತುಸುವೇ ತಿರುಗಿಸಿ ಮತ್ತೆ ಮೀಟುತ್ತಾರೆ. ನಾದವು ತಮ್ಮ ಕಂಠಕ್ಕೆ ಹೊಂದಿತೆಂದು ಮನಸ್ಸು ಒಪ್ಪಿದ ಮೇಲೆಯೇ ಹಾಡು ಆರಂಭವಾಗುತ್ತದೆ. ಹೀಗೆ ಶ್ರುತಿಗೂಡಿಸುವ ಕಿವಿಗೂ ಲೆಕ್ಕ ಮಾಡುವ ಗಣಕಯಂತ್ರಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಸಂಬಂಧವಿದೆ. ಇವೆರಡನ್ನೂ ಒಂದೇ ಬಾಳಿನಲ್ಲಿ ಕೂಡಿಸಿಕೊಂಡು ದುಡಿದವರೂ ಇದ್ದಾರೆ.

ನಾದವೆಂದರೆ ಗಾಳಿಯ ಕಂಪನ. ಕಂಪನವನ್ನು ಅಳೆಯಬಹುದು, ಅಳೆದುದನ್ನು ಅಂಕಿಗಳಲ್ಲಿ ಬರೆಯಬಹುದು. ಹಾಗಾದರೆ ಅಂಕಿಗಳಿಂದಲೇ ನಾದವನ್ನು ಹುಟ್ಟಿಸಬಾರದೇಕೆ? ಅಮೆರಿಕದ ಬೆಲ್ ಪ್ರಯೋಗಾಲಯದ ಎಂಜಿನಿಯರ್ ಮ್ಯಾಕ್ಸ್ ಮ್ಯಾಥ್ಯೂಸ್ ಈ ಪ್ರಶ್ನೆಯನ್ನು ಕೈಗೆತ್ತಿಕೊಂಡರು. ಅವರು ಪಿಟೀಲು ನುಡಿಸುವ ಹವ್ಯಾಸವುಳ್ಳವರು. 1957ರಲ್ಲಿ ಅವರು ‘ಮ್ಯೂಸಿಕ್’ ಎಂಬ ಕ್ರಮವಿಧಿಯನ್ನು ರಚಿಸಿದರು. ಐಬಿಎಂ 704 ಎಂಬ ಬೃಹತ್ ಗಣಕವು ಅದರಂತೆ ಲೆಕ್ಕ ಮಾಡಿ, ಕೇವಲ 17 ಸೆಕೆಂಡುಗಳ ಒಂದು ಚಿಕ್ಕ ರಚನೆಯನ್ನು ನುಡಿಸಿತು. ಅಂದು ಅದು ಇಂಪಾದ ಸಂಗೀತವೆನಿಸಲಿಲ್ಲ. ಆದರೆ ಬಾಗಿಲು ತೆರೆದಿತ್ತು. ಮುಂದೆ ಸಂಗೀತವನ್ನು ಅಡಕಮುದ್ರಿಕೆಯಲ್ಲಿ ಉಳಿಸುವಾಗ ಒಂದು ಸೆಕೆಂಡಿನ ನಾದಕ್ಕೆ 44,100 ಅಂಕಿಗಳನ್ನು ಬರೆಯುವ ಪದ್ಧತಿ ರೂಢಿಗೆ ಬಂತು.

ಅಂಕಿಗಳು ಸಿಕ್ಕ ಮಾತ್ರಕ್ಕೆ ಸಂಗೀತ ಸಿದ್ಧಿಸುವುದಿಲ್ಲ. ಇದನ್ನು ಒಂದು ಸಣ್ಣ ಲೆಕ್ಕದಿಂದ ತಿಳಿಯೋಣ. ಷಡ್ಜವು ಸೆಕೆಂಡಿಗೆ 240 ಬಾರಿ ಕಂಪಿಸುತ್ತದೆ ಎಂದಿಟ್ಟುಕೊಳ್ಳಿ. ಅದರ ಒಂದೂವರೆಯಷ್ಟು, ಎಂದರೆ 360, ಪಂಚಮ. ಅದರ ಒಂದೂಕಾಲರಷ್ಟು, ಎಂದರೆ 300, ಹಿಂದುಸ್ತಾನಿ ಪದ್ಧತಿಯ ಶುದ್ಧ ಗಾಂಧಾರ. ಚೆನ್ನಾಗಿ ಶ್ರುತಿಗೂಡಿದ ತಂಬೂರಿಯನ್ನು ಮೀಟಿದಾಗ, ಆ ಸ್ವರಕ್ಕೆಂದು ತಂತಿಯಿಲ್ಲದಿದ್ದರೂ ಗಾಂಧಾರವು ತಾನಾಗಿಯೇ ಕೇಳಿಬರುತ್ತದೆ. ಆದರೆ ಪಿಯಾನೊ, ಹಾರ್ಮೋನಿಯಂಗಳ ಲೆಕ್ಕವೇ ಬೇರೆ. ಅಲ್ಲಿ ಸಪ್ತಕವನ್ನು ಹನ್ನೆರಡು ಸಮ ಮೆಟ್ಟಿಲುಗಳಾಗಿ ಭಾಗಿಸುವುದರಿಂದ ಗಾಂಧಾರವು ಸುಮಾರು 302.4ಕ್ಕೆ ಬಂದು ನಿಲ್ಲುತ್ತದೆ. ವ್ಯತ್ಯಾಸ ಅಲ್ಪವೆನಿಸಬಹುದು. ಆದರೆ ಎರಡೂ ಕೂಡಿ ನುಡಿದಾಗ ನಾದದಲ್ಲಿ ಒಂದು ಬಗೆಯ ನಡುಕ ಹುಟ್ಟುತ್ತದೆ. ಪಳಗಿದ ಕಿವಿ ಅದನ್ನು ಕೂಡಲೇ ಹಿಡಿಯುತ್ತದೆ. ಗಣಕಕ್ಕೆ ಮಾತ್ರ ಈ ತೊಡಕಿಲ್ಲ. 300 ಎಂದರೆ 300, 302.4 ಎಂದರೆ 302.4, ಹೇಳಿದ್ದನ್ನು ಅದು ವಿಧೇಯವಾಗಿ ನುಡಿಸುತ್ತದೆ. ಯಾವುದು ಸರಿ ಎಂಬುದನ್ನು ನಿರ್ಧರಿಸಬೇಕಾದವನು ಅದಕ್ಕೆ ಆಜ್ಞೆ ಬರೆಯುವ ಮನುಷ್ಯ. ಅವನಿಗೆ ಗಣಿತ ಬೇಕು. ಅಷ್ಟೇ ಮಟ್ಟಿಗೆ ಕಿವಿಯೂ ಬೇಕು.

ತಂಬೂರಿಯ ಗುಟ್ಟು ಇನ್ನೂ ಆಳವಾದುದು. ಅದರ ಕುದುರೆಯ ಮೇಲೆ ತಂತಿಯ ಅಡಿಯಲ್ಲಿ ಒಂದು ಎಳೆ ನೂಲನ್ನು ಇಡುತ್ತಾರೆ. ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಪ್ಪೆ ನಾದ ಝೇಂಕಾರವಾಗುತ್ತದೆ. ಇದನ್ನೇ ಜವಾರಿ ಎನ್ನುವರು. ತಂತಿಯನ್ನು ಮೀಟಿದ ಬಿಂದುವಿನಲ್ಲಿ ನಿಶ್ಚಲವಾಗಿರಬೇಕಾದ ಉಪಸ್ವರಗಳು ಕೇಳಿಸಲಾರವು ಎಂಬುದು ಹಿಂದಿನ ವಿಜ್ಞಾನಿಗಳ ನಿಯಮ. ನಮ್ಮ ತಂಬೂರಿ, ವೀಣೆಗಳಲ್ಲಿ ಅವೂ ಕೇಳಿಬರುತ್ತವೆಂದು ಸರ್ ಸಿ. ವಿ. ರಾಮನ್ 1921ರಲ್ಲಿ ತೋರಿಸಿಕೊಟ್ಟರು. ಕುದುರೆಯ ಬಾಗಿದ ಮೈಯೇ ಇದಕ್ಕೆ ಕಾರಣ. 1933ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬಂದು ನಮ್ಮವರೇ ಆದ ಮಹಾವಿಜ್ಞಾನಿ ಅವರು.

ಅದೇ ಬೆಂಗಳೂರಿನಲ್ಲಿ ಮುಂದೆ ಇನ್ನೊಬ್ಬರು ಈ ನಾದದ ಬೆನ್ನು ಹತ್ತಿದರು. ಅವರು ಜಿ. ರಾಜ್ ನಾರಾಯಣ್. ಹಿಂದುಸ್ತಾನ್ ಏರೋನಾಟಿಕ್ಸ್ ಕಾರ್ಖಾನೆಯಲ್ಲಿ ಅವರು ಎಂಜಿನಿಯರ್, ಜೊತೆಗೆ ಕೊಳಲುವಾದಕರು. ಕೊಳಲು ನುಡಿಸುವವನಿಗೆ ಶ್ರುತಿಯ ಆಸರೆ ಬೇಕೇ ಬೇಕು. ತಂಬೂರಿಯೋ ಉದ್ದನೆಯ, ನಾಜೂಕಾದ ವಾದ್ಯ. ಅದನ್ನು ಮೀಟಲು ಮತ್ತೊಬ್ಬರು ಜೊತೆಗಿರಬೇಕು. ಈ ಕೊರತೆಯನ್ನು ಬಲ್ಲ ರಾಜ್ ನಾರಾಯಣ್ ವಿದ್ಯುನ್ಮಂಡಲಗಳಿಂದ ಶ್ರುತಿಯನ್ನು ಹೊರಡಿಸುವ ಪುಟ್ಟ ಪೆಟ್ಟಿಗೆಯನ್ನು ರೂಪಿಸಿದರು. 1979ರಲ್ಲಿ ರಾಡೆಲ್ ಸಂಸ್ಥೆಯನ್ನು ಸ್ಥಾಪಿಸಿದರು. ಎಲೆಕ್ಟ್ರಾನಿಕ್ ತಂಬೂರಿ, ತಬಲಾ, ವೀಣೆಗಳು ಅಲ್ಲಿ ತಯಾರಾದವು. ಇಂದು ಅದೇ ಬಗೆಯ ನಾದವು ತಂತ್ರಾಂಶದ ರೂಪದಲ್ಲಿ ಕೈಯಲ್ಲಿನ ದೂರವಾಣಿಯಿಂದಲೂ ಹೊಮ್ಮುತ್ತದೆ.

ಇದನ್ನು ಎಲ್ಲರೂ ಮೆಚ್ಚಿದರೆಂದು ತಿಳಿಯಬಾರದು. ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುವುದು ಶಿಷ್ಯನ ಮೊದಲ ಪಾಠ. ಬಿರಡೆ ತಿರುಗಿಸುತ್ತ, ತಪ್ಪುತ್ತ, ತಿದ್ದಿಕೊಳ್ಳುತ್ತ ಅವನ ಕಿವಿ ಹದಗೊಳ್ಳುತ್ತದೆ. ಗುಂಡಿ ಒತ್ತಿದೊಡನೆ ಶ್ರುತಿ ದೊರೆಯುವಾಗ ಆ ಪಾಠ ಎಲ್ಲಿಂದ ಬಂದೀತು? ಸೋರೆಬುರುಡೆಯನ್ನು ಒಣಗಿಸಿ, ಕೊರೆದು, ತಂಬೂರಿ ಮಾಡುವ ಮೀರಜದ ಕುಶಲಕರ್ಮಿಗಳ ಗತಿಯೇನು? ಈ ಪ್ರಶ್ನೆಗಳು ನ್ಯಾಯವಾದವು. ಆದರೆ ಇನ್ನೊಂದು ಮಗ್ಗುಲೂ ಉಂಟು. ತಂಬೂರಿ ಕೊಳ್ಳುವ ಶಕ್ತಿಯಿಲ್ಲದ, ಗುರುವಿನ ಮನೆ ದೂರವಾದ ಹಳ್ಳಿಯ ಹುಡುಗಿಯೂ ನಸುಕಿನಲ್ಲಿ ಎದ್ದು ಶ್ರುತಿಯೊಡನೆ ಸ್ವರ ಸಾಧಿಸುವಂತಾಯಿತು. ಯಂತ್ರವು ಶ್ರುತಿಯನ್ನು ನೀಡಬಲ್ಲುದು. ಆಲಿಸುವ ಶ್ರಮವನ್ನು ಅದು ನಮ್ಮ ಬದಲಿಗೆ ಮಾಡಲಾರದು. ಈ ವಿವೇಕವಿದ್ದರೆ ಯಂತ್ರದಿಂದ ಲಾಭ, ಇಲ್ಲವಾದರೆ ನಷ್ಟ.

ವಿದ್ಯಾರ್ಥಿಗಳೇ, ಗಣಿತದಲ್ಲಿ ಚುರುಕಾದವನು ಹಾಡಬಾರದು, ಹಾಡುವವನಿಗೆ ವಿಜ್ಞಾನ ಒಗ್ಗದು ಎಂಬ ಮಾತನ್ನು ನೀವು ಕೇಳಿರಬಹುದು. ಮ್ಯಾಥ್ಯೂಸ್ ಮತ್ತು ರಾಜ್ ನಾರಾಯಣ್ ಅವರ ಬದುಕು ಆ ಮಾತನ್ನು ಸುಳ್ಳಾಗಿಸಿದೆ. ಮ್ಯಾಥ್ಯೂಸರ ಕ್ರಮವಿಧಿಯ ಹಿಂದೆ ಪಿಟೀಲಿತ್ತು. ರಾಜ್ ನಾರಾಯಣರ ಪೆಟ್ಟಿಗೆಯ ಹಿಂದೆ ಕೊಳಲಿತ್ತು. ನಿಮ್ಮ ಊರಿನಲ್ಲಿ ಭಜನೆ ನಡೆದಾಗ ಏಕತಾರಿಯ ಬಳಿ ಕುಳಿತು, ಬಿರಡೆ ತಿರುಗಿಸುವ ಆ ಹಿರಿಯರ ಬೆರಳನ್ನೊಮ್ಮೆ ಗಮನಿಸಿ. ಯಾವ ಗಣಕಕ್ಕಾದರೂ ಮೊದಲು ಕಲಿಸಬೇಕಾದುದು ಅವರ ಕಿವಿ ಬಲ್ಲ ಆ ಸಂಗತಿಯನ್ನೇ.

ಅಭ್ಯಾಸ

1. ಮ್ಯಾಕ್ಸ್ ಮ್ಯಾಥ್ಯೂಸರು 1957ರಲ್ಲಿ ಮಾಡಿದ ಸಾಧನೆ ಯಾವುದು?
2. ಷಡ್ಜವು 256 ಕಂಪನಗಳಾದರೆ ಪಂಚಮ ಮತ್ತು ಶುದ್ಧ ಗಾಂಧಾರಗಳ ಕಂಪನಗಳೆಷ್ಟು?
3. ಎಲೆಕ್ಟ್ರಾನಿಕ್ ತಂಬೂರಿಯಿಂದ ಆದ ಲಾಭ, ನಷ್ಟಗಳನ್ನು ನಿಮ್ಮ ಮಾತಿನಲ್ಲಿ ವಿವರಿಸಿ.