ಖಾಲಿ ಜಾಗದಲ್ಲಿ ಇರಬೇಕಾದ ಚಿತ್ರ

ವರದಿಯಲ್ಲಿ ನಕ್ಷೆ ಬರಬೇಕಾದ ಕಡೆ ಬರೀ ಬಿಳಿ ಜಾಗ ಕಂಡರೆ ಕೈ ಮೊದಲು ಹೋಗುವುದು ಚಿತ್ರದ ಅಗಲ, ಎತ್ತರ, ಫೋಲ್ಡರಿನ ವಿಳಾಸಗಳ ಕಡೆಗೆ. ಆರ್ ಭಾಷೆಯ ವರದಿಗಳ ಮಟ್ಟಿಗೆ ಈ ಹುಡುಕಾಟ ಹೆಚ್ಚಾಗಿ ದಿಕ್ಕು ತಪ್ಪಿದ್ದು ಎನ್ನುವುದು ನನ್ನ ಅನುಭವದ ಮಾತು. ಎಷ್ಟೋ ಸಲ ಚಿತ್ರ ಕಳೆದುಹೋಗಿರುವುದಿಲ್ಲ, ಅದನ್ನು ಬಿಡಿಸಿಯೇ ಇರುವುದಿಲ್ಲ. ಆರ್‌ನ ಹಳೆಯ ಪ್ಲಾಟ್ ಆಜ್ಞೆ ಕರೆದ ಕೂಡಲೇ ಗೆರೆ ಎಳೆಯುತ್ತದೆ. ದೀಪಾಯನ್ ಸರ್ಕಾರ್ ಅವರ ಲ್ಯಾಟಿಸ್, ಹ್ಯಾಡ್ಲಿ ವಿಕಮ್ ಅವರ ಜಿಜಿಪ್ಲಾಟ್2 ಪ್ಯಾಕೇಜುಗಳು ಹಾಗಲ್ಲ. ಅವು ಕೊಡುವುದು ಚಿತ್ರದ ವಿವರ ತುಂಬಿದ ಒಂದು ಆಬ್ಜೆಕ್ಟ್. ಅದನ್ನು ಪ್ರಿಂಟ್ ಮಾಡಿದಾಗಲೇ ಚುಕ್ಕೆ, ಗೆರೆ ಮೂಡುವುದು. ಕನ್ಸೋಲಿನಲ್ಲಿ ಎಂಟರ್ ಒತ್ತಿದರೆ ಆರ್ ತಾನೇ ಪ್ರಿಂಟ್ ಮಾಡಿಬಿಡುತ್ತದೆ. ಈ ಉಪಕಾರವೇ ನಮ್ಮ ಅಭ್ಯಾಸ ಕೆಡಿಸಿದ್ದು. ಐರಿಸ್ ದತ್ತಾಂಶದ 3 ಹೂಪ್ರಭೇದಗಳಿಗೆ ಒಂದೊಂದು ಜಿಜಿಪ್ಲಾಟ್ ಚಿತ್ರವೆಂದು ಫಾರ್ ಲೂಪ್ ಬರೆದು ನೋಡಿ: ಒಂದೂ ಬರುವುದಿಲ್ಲ, ಎರರ್ ಕೂಡ ಇಲ್ಲ. ಆರ್‌ನ ಲೆಕ್ಕದಲ್ಲಿ ತಪ್ಪೇನೂ ನಡೆದಿಲ್ಲವಲ್ಲ! ಲೂಪಿನೊಳಗೆ ಪ್ರಿಂಟ್ ಎಂದು ಬರೆದರೆ ಮೂರೂ ಬರುತ್ತವೆ. ಫ್ರೀಡ್ರಿಶ್ ಲೈಶ್ 2002ರಲ್ಲಿ ಪರಿಚಯಿಸಿದ, ವರದಿ ತಯಾರಿಸುವ ಸಾಧನವಾದ ಸ್ವೀವ್‌ನಲ್ಲಂತೂ ಲ್ಯಾಟಿಸ್ ಚಿತ್ರಕ್ಕೆ ಲೂಪ್ ಇಲ್ಲದಿದ್ದರೂ ಪ್ರಿಂಟ್ ಬೇಕಿತ್ತು. ಆಮೇಲೆ ಬಂದ ಅಂಥದ್ದೇ ಸಾಧನ, ಯಿಹುಯಿ ಶಿಯೆ ಅವರ ನಿಟರ್, ಆ ಕಾಟ ತಪ್ಪಿಸಿತು, ಲೂಪಿನದ್ದು ಉಳಿಯಿತು.

ಹಾಗಾದರೆ ಜಿಜಿಪ್ಲಾಟ್ ತಾನೇ ಬಿಡಿಸಿಬಿಡಬಾರದೇ ಎಂದು ಕೇಳಬಹುದು. ಬಿಡಿಸಿದರೆ, ಒಂದು ಚಿತ್ರವನ್ನು ಹೆಸರಿಟ್ಟು ಇಟ್ಟುಕೊಂಡು ಆಮೇಲೆ ಅದಕ್ಕೆ ಇನ್ನೊಂದು ಪದರ ಸೇರಿಸುವ ಅನುಕೂಲಕ್ಕೆ ಕಲ್ಲು ಬೀಳುತ್ತದೆ; ಪದರ ಸೇರಿಸಿದಾಗಲೆಲ್ಲ ಅರೆಬರೆ ಚಿತ್ರಗಳು ವರದಿಗೆ ನುಗ್ಗುತ್ತವೆ. ಎಲ್ಲ ಚಿತ್ರಕ್ಕೂ ಕಣ್ಣುಮುಚ್ಚಿ ಪ್ರಿಂಟ್ ಹಚ್ಚಿದರಾಯಿತು ಎನ್ನುವವರೂ ಇದ್ದಾರೆ. ಹಳೆಯ ಪ್ಲಾಟ್‌ಗೆ ಹಚ್ಚಿದರೆ ಚಿತ್ರದ ಜೊತೆಗೆ ನಲ್ ಎಂಬ ಅನಾಥ ಪದವೊಂದು ವರದಿಯಲ್ಲಿ ಅಚ್ಚಾಗುತ್ತದೆ. ಹಿಸ್ಟೋಗ್ರಾಂ ಬಿಡಿಸುವ ಹಿಸ್ಟ್‌ಗೆ ಹಚ್ಚಿದರೆ ಅಂಕಿಗಳ ಸಾಲೇ ಸುರಿಯುತ್ತದೆ. ಯಾವುದು ತಾನೇ ಬಿಡಿಸುತ್ತದೆ, ಯಾವುದು ಆಬ್ಜೆಕ್ಟ್ ಕೊಡುತ್ತದೆ ಎಂದು ತಿಳಿಯದೆ ಗತಿಯಿಲ್ಲ.

ಫೋಲ್ಡರನ್ನು ಸಂಶಯಿಸಬೇಕಾದ ಸಂದರ್ಭವೂ ಒಂದಿದೆ, ಒಪ್ಪುತ್ತೇನೆ. ಎಚ್‌ಟಿಎಂಎಲ್ ವರದಿ ಚಿತ್ರಗಳನ್ನು ತನ್ನೊಳಗೇ ಹುದುಗಿಸಿಕೊಳ್ಳದೆ ಪಕ್ಕದ ಫೋಲ್ಡರಿನಲ್ಲಿ ಇಟ್ಟಿದ್ದರೆ, ಆ ಒಂದು ಕಡತವನ್ನಷ್ಟೇ ಮೇಲ್ ಮಾಡಿದಾಗ ಪಡೆದವರಿಗೆ ಚಿತ್ರ ಕಾಣುವುದಿಲ್ಲ. ಆದರೆ ಅಲ್ಲಿ ನಮ್ಮ ಕಂಪ್ಯೂಟರಿನಲ್ಲಿ ಚಿತ್ರ ಕಾಣುತ್ತಿರುತ್ತದೆ. ಲೂಪಿನ ಪ್ರಕರಣದಲ್ಲಿ ಇಬ್ಬರಿಗೂ ಕಾಣುವುದಿಲ್ಲ.